ಹೆಳವರ ಹೊತ್ತಿಗೆಯಲ್ಲಿ ನಮ್ಮ ಹಿರಿಯರು



ಗುರುವಿನ ಹಸ್ತದಿಂದ ಲಿಂಗದೀಕ್ಷೆ ಪಡೆದವನಿಗೆ ಅದೇ ನಿಜವಾದ ಜನ್ಮ. ಹಿಂದಿನ ಕುಲಗೋತ್ರಗಳೆಲ್ಲ ಅಲ್ಲಿಗೆ ಅಳಿದವು ಎಂಬುದು ವೀರಶೈವ ಧರ್ಮದ ತಿರುಳು. ಹಾಗಿದ್ದ ಮೇಲೆ ಅಜ್ಜ ಮುತ್ತಜ್ಜರ ಹೆಸರು ಹೇಳಿಕೊಳ್ಳುವುದೇಕೆ, ಮನೆತನದ ಮೂಲ ಕೆದಕುವುದೇಕೆ ಎಂದು ಮಠಕ್ಕೆ ಬರುವ ಕೆಲವು ತರುಣರು ನಮ್ಮನ್ನು ಕೇಳುವುದುಂಟು. ಪ್ರಶ್ನೆ ಸಣ್ಣದಲ್ಲ.

ಅಣ್ಣ ಬಸವಣ್ಣನವರ ನಡೆಯನ್ನೇ ನೋಡೋಣ. ಹುಟ್ಟಿದ ಕುಲದ ಹೆಮ್ಮೆಯನ್ನು ಅವರು ತೊರೆದರು. ಆದರೆ ಹಿರಿಯರಿಲ್ಲದವರಾಗಿ ಉಳಿಯಲಿಲ್ಲ. ಮಾದಾರ ಚೆನ್ನಯ್ಯ, ಡೋಹರ ಕಕ್ಕಯ್ಯನವರಂತಹ ಶರಣರನ್ನು ತಮ್ಮ ಮನೆಯ ಹಿರಿಯರೆಂದೇ ಎಣಿಸಿ, ಹೆಸರು ಹಿಡಿದು ನೆನೆದರು. ಕುಲದ ಮದವೇ ಬೇರೆ, ಹಿರಿಯರ ಸ್ಮರಣೆಯೇ ಬೇರೆ. ಎರಡನ್ನೂ ಒಂದೇ ಎಂದು ತಿಳಿದಾಗ ಗೊಂದಲ ಹುಟ್ಟುತ್ತದೆ.

ಉತ್ತರ ಕರ್ನಾಟಕದ ಸೀಮೆಯಲ್ಲಿ ಈ ಸ್ಮರಣೆಯನ್ನು ತಲೆತಲಾಂತರದಿಂದ ಕಾಯ್ದುಕೊಂಡು ಬಂದವರು ಹೆಳವರು. ಸುಗ್ಗಿ ಮುಗಿದು ರಾಶಿ ಮನೆಗೆ ಬಂದ ಮೇಲೆ ಎತ್ತಿನ ಮೇಲೆ ಕುಳಿತು, ಗಂಟೆ ಬಾರಿಸುತ್ತ ಅವರು ಊರಿಗೆ ಬರುತ್ತಿದ್ದುದನ್ನು ಹಿರಿಯರು ಬಲ್ಲರು. ಹೆಳವ ಎಂದರೆ ಕಾಲಿಲ್ಲದವನು. ಅಂಥವರಿಗೆ ಎತ್ತು ಕೊಟ್ಟು ಈ ಕಾಯಕಕ್ಕೆ ಹಚ್ಚಿದವರು ಬಸವಣ್ಣನವರೇ ಎಂಬ ಮಾತು ಅವರಲ್ಲಿ ನಡೆದುಬಂದಿದೆ. ಅಂಗಳದಲ್ಲಿ ನಿಂತು ಮನೆತನದ ಮೂಲ ಊರು, ಬೆಡಗು, ತಲೆಮಾರುಗಳ ಹೆಸರು, ಅಣ್ಣತಮ್ಮಂದಿರು ಎಂದು ಬೇರೆಯಾಗಿ ಎಲ್ಲಿ ನೆಲೆಸಿದರು ಎಂಬುದನ್ನೆಲ್ಲ ಒಂದೇ ಉಸಿರಿಗೆ ಹೇಳುವರು. ಹೊಸದಾಗಿ ಹುಟ್ಟಿದ ಕೂಸಿನ ಹೆಸರು ಬರೆದುಕೊಂಡು, ಕಾಳುಕಡಿ ಪಡೆದು ಮುಂದಿನ ಮನೆಗೆ ಸಾಗುವರು. 1876–78ರ ಭೀಕರ ಬರದಲ್ಲಿ ಧಾರವಾಡ, ಬೆಳಗಾವಿ, ಕಲಾದಗಿ ಸೀಮೆಗಳ ಎಷ್ಟೋ ಮನೆಗಳು ಬರಿದಾದವು. ಬದುಕುಳಿದವರು ಹೊಟ್ಟೆಪಾಡಿಗೆ ಊರು ಬಿಟ್ಟರು. ಹೀಗೆ ಚದುರಿದ ಕವಲುಗಳು ಒಂದನ್ನೊಂದು ಗುರುತಿಸಬೇಕಾದರೆ ಹೆಳವರ ಹೊತ್ತಿಗೆಯೇ ಗತಿ. ಇಂಥ ಕಾಯಕವನ್ನು ಭಿಕ್ಷೆಯೆಂದು ಕರೆಯುವುದು ನಮಗೆ ಸರಿತೋರದು.

ಆದರೆ ಇಂದು ಹೆಳವ ಬಾಗಿಲಿಗೆ ಬಂದರೆ "ಮುಂದಕ್ಕೆ ಹೋಗಪಾ" ಎನ್ನುವ ಮನೆಗಳಿವೆ. ಎಷ್ಟೋ ಕಡೆ ಬಾಗಿಲಿಗೇ ಕೀಲಿ. ಆಲಮಟ್ಟಿ ಜಲಾಶಯದ ಹಿನ್ನೀರಿನಲ್ಲಂತೂ ಹಳೆಯ ಬಾಗಲಕೋಟೆಯ ಓಣಿಗಳೂ ಸುತ್ತಲಿನ ಹಳ್ಳಿಗಳೂ ಮುಳುಗಿದವು. ಹೊಲದಲ್ಲಿದ್ದ ಹಿರಿಯರ ಸಮಾಧಿಗಳು ನೀರಿನಡಿ ಸೇರಿದವು. "ಅಜ್ಜಾರ, ಇನ್ನ ಎಲ್ಲಿ ಹೋಗಿ ಕಾಯಿ ಒಡೀಬೇಕ್ರಿ?" ಎಂದು ಪುನರ್ವಸತಿ ಕೇಂದ್ರದ ತಾಯಂದಿರು ಕಣ್ಣೀರು ತಂದರೆ ಏನು ಹೇಳುವುದು? ವೀರಶೈವರ ಸಮಾಧಿಯಲ್ಲಿ ಹಿರಿಯನು ಅಂಗೈಯಲ್ಲಿ ಲಿಂಗ ಹಿಡಿದೇ ಕುಳಿತಿರುತ್ತಾನೆ. ಲಿಂಗದಲ್ಲಿ ಬೆರೆತವನನ್ನು ಯಾವ ನೀರು ಮುಳುಗಿಸೀತು? ನಿತ್ಯದ ಇಷ್ಟಲಿಂಗ ಪೂಜೆ ಮುಗಿದ ಮೇಲೆ ಒಂದು ಗಳಿಗೆ ಅವರ ಹೆಸರು ನೆನೆಯಿರಿ ಎನ್ನುತ್ತೇವೆ. ಆದರೆ ನೆನೆಯಲು ಹೆಸರಾದರೂ ಗೊತ್ತಿರಬೇಕಲ್ಲ! ಸಮಾಧಿಯೂ ಹೋಗಿ ಹೆಸರೂ ಹೋದರೆ ಉಳಿಯುವುದೇನು? ಮುತ್ತಜ್ಜನ ಹೆಸರು ಕೇಳಿದರೆ ಅಪ್ಪನ ಮುಖ ನೋಡುವ ಮಕ್ಕಳು, ಮಗನ ಮುಖ ನೋಡುವ ಅಪ್ಪಂದಿರು, ಇಬ್ಬರೂ ನಮ್ಮ ಕಣ್ಣಿಗೆ ಬಿದ್ದಿದ್ದಾರೆ.

ಇನ್ನೊಂದು ಮಾತು. ವಂಶಾವಳಿಗಳಲ್ಲಿ ಗಂಡುಮಕ್ಕಳ ಸಾಲೇ ಉದ್ದ. ಹೆಣ್ಣಿಗೂ ಗಂಡಿಗೂ ಸಮವಾಗಿ ಲಿಂಗ ಕಟ್ಟಿದ ಧರ್ಮದವರಾದ ನಮಗೆ ಇದೊಂದು ಕೊರತೆಯೇ ಸರಿ. ಸೊಸೆಯಾಗಿ ಬಂದು ಮನೆ ಬೆಳಗಿದವಳೂ ಮನೆತನದ ಬೇರಲ್ಲವೇ?

ಈ ಸುಗ್ಗಿಗೆ ಹೆಳವರು ಬಂದರೆ ಕೂಡಿಸಿ ನೀರು ಕೊಡಿರಿ. ಶಹರದಲ್ಲಿರುವ ಮೊಮ್ಮಕ್ಕಳಿಗೆ ಫೋನ್ ಹಚ್ಚಿ ಅವರ ದನಿ ಕೇಳಿಸಿರಿ. ಒಂದು ವಹಿ ಮಾಡಿ ಹೆಸರುಗಳನ್ನು ಬರೆಯಿರಿ. ದೀಕ್ಷೆ ಕೊಟ್ಟ ಗುರುಮನೆ ಯಾವುದು, ಮುತ್ತಜ್ಜಿಯ ಹೆಸರೇನು, ಅವಳ ತವರೂರು ಎಲ್ಲಿಯದು ಎಂಬುದನ್ನೂ ಸೇರಿಸಿರಿ. ಇದನ್ನು ಹೆಚ್ಚಾಗಿ ಬಲ್ಲವಳು ಅಕ್ಷರ ಬಾರದ ಅಜ್ಜಿಯೇ. ಮೊದಲು ಅವಳ ಹತ್ತಿರ ಹೋಗಿ ಕೂಡಿರಿ.