ಲಾಟರಿ ಚೆಂಡಿಗೆ ಎತ್ತಿನ ಕಥೆ

2009ರ ಸೆಪ್ಟೆಂಬರ್ 9, ಬ್ರಿಟನ್. ಚಾನೆಲ್ 4ರ ನೇರ ಪ್ರಸಾರ. ಪ್ರೇಕ್ಷಕರಿಲ್ಲದ ಸ್ಟುಡಿಯೊದಲ್ಲಿ ಮೆಂಟಲಿಸ್ಟ್ ಡೆರೆನ್ ಬ್ರೌನ್. ದೂರದ ಸ್ಟ್ಯಾಂಡಿನ ಮೇಲೆ ಆರು ಬಿಳಿ ಚೆಂಡು, ಸಂಖ್ಯೆಗಳು ಕ್ಯಾಮೆರಾಗೆ ಬೆನ್ನು ಮಾಡಿವೆ. ಪಕ್ಕದ ಟಿವಿಯಲ್ಲಿ ಬಿಬಿಸಿಯ ಲಾಟರಿ ಡ್ರಾ ಮುಗಿಯುತ್ತದೆ: 2, 11, 23, 28, 35, 39. ಬ್ರೌನ್ ಚೆಂಡುಗಳನ್ನು ತಿರುಗಿಸುತ್ತಾರೆ. ಆರಕ್ಕೆ ಆರೂ ಸರಿ!

49 ಸಂಖ್ಯೆಗಳಲ್ಲಿ ಹೀಗೆ ಆರೂ ಹೊಂದುವ ಸಾಧ್ಯತೆ ಸುಮಾರು 1.4 ಕೋಟಿಗೆ ಒಂದು.

ಆಟದ ಸೊಗಸು ಇರುವುದು ಎರಡು ದಿನಗಳ ನಂತರ ಬಂದ 'ವಿವರಣೆ' ಕಾರ್ಯಕ್ರಮದಲ್ಲಿ. 24 ಜನರ ಊಹೆಗಳ ಸರಾಸರಿ ತೆಗೆದೆ, ಅದು ಗುಂಪಿನ ಜಾಣ್ಮೆ ಎಂದರು ಬ್ರೌನ್. ಈ ವಾದಕ್ಕೊಂದು ನಿಜವಾದ ಬೇರಿದೆ. 1906ರಲ್ಲಿ ಪ್ಲಿಮತ್‌ನ ಜಾನುವಾರು ಮೇಳದಲ್ಲಿ ಎತ್ತಿನ ಮಾಂಸದ ತೂಕ ಊಹಿಸುವ ಸ್ಪರ್ಧೆ ನಡೆದಿತ್ತು. ವಿಜ್ಞಾನಿ ಫ್ರಾನ್ಸಿಸ್ ಗಾಲ್ಟನ್ 787 ಚೀಟಿಗಳನ್ನು ಲೆಕ್ಕ ಹಾಕಿದರು. ನಡುವಿನ ಊಹೆ 1,207 ಪೌಂಡ್, ನಿಜವಾದ ತೂಕ 1,198!

ಆದರೆ ಎತ್ತು ಜನರ ಕಣ್ಣೆದುರೇ ನಿಂತಿತ್ತು. ಲಾಟರಿ ಚೆಂಡಿನಲ್ಲಿ ಅಂದಾಜಿಗೆ ಸಿಗುವ ಸುಳಿವೇ ಇಲ್ಲ. ಸಾವಿರ ಜನರ ಸರಾಸರಿ ತೆಗೆದರೂ ನಾಳೆಯ ಸಂಖ್ಯೆ ಗೊತ್ತಾಗದು. ಪರದೆಯನ್ನು ಎರಡಾಗಿ ಸೀಳಿದ ಕ್ಯಾಮೆರಾ ತಂತ್ರವೇ ಬ್ರೌನ್ ಅವರ ಗುಟ್ಟು ಎಂದು ಹಲವರು ಊಹಿಸಿದರು.

ಹಾಗಿದ್ದರೂ ಕಥೆ ತನ್ನ ಕೆಲಸ ಮಾಡಿತ್ತು. 'ಹೇಗೆ ಮಾಡಿದ' ಎಂಬ ಒಗಟು 'ಜನ ಸೇರಿದರೆ ಇದು ಸಾಧ್ಯವೇ' ಎಂಬ ಕುತೂಹಲವಾಯಿತು. ವೇದಿಕೆಗೆ ಭವಿಷ್ಯವಾಣಿಯ ಆಟ ಕಟ್ಟುವವರು ಆ ಎರಡೂ ಕಾರ್ಯಕ್ರಮಗಳನ್ನು ಒಟ್ಟಿಗೇ ನೋಡಬೇಕು.