ಬಿಸ್ಕತ್ತು ಕೊಟ್ಟ ಗೆಳೆಯ

1909ರ ಜನವರಿ. ದಕ್ಷಿಣ ಧ್ರುವದ ಸಮೀಪದವರೆಗೂ ಹೋಗಿ, ಆಹಾರ ಸಾಲದೆ ನಾಲ್ವರು ಹಿಂದಿರುಗುತ್ತಿದ್ದರು. ಫ್ರಾಂಕ್ ವೈಲ್ಡ್ ಭೇದಿಯಿಂದ ಸೋತು ಹೋಗಿದ್ದ. ನಾಯಕ ಅರ್ನೆಸ್ಟ್ ಶ್ಯಾಕಲ್‌ಟನ್ ತನ್ನ ಪಾಲಿನ ಒಂದೇ ಬಿಸ್ಕತ್ತನ್ನು ಬಲವಂತದಿಂದ ಅವನ ಕೈಗಿತ್ತ. ಸಾವಿರಾರು ಪೌಂಡ್ ಕೊಟ್ಟರೂ ಆ ಬಿಸ್ಕತ್ತು ಸಿಗುತ್ತಿರಲಿಲ್ಲವೆಂದು ವೈಲ್ಡ್ ದಿನಚರಿಯಲ್ಲಿ ಬರೆದುಕೊಂಡ.

ಋಣ ತೀರಿಸುವ ಕಾಲ ಏಳು ವರ್ಷಗಳ ನಂತರ ಬಂತು. ಇವರ 'ಎಂಡ್ಯೂರೆನ್ಸ್' ಹಡಗು ವೆಡೆಲ್ ಸಮುದ್ರದ ಹಿಮದಲ್ಲಿ ಸಿಕ್ಕಿಕೊಂಡು 1915ರ ನವೆಂಬರಿನಲ್ಲಿ ಮುಳುಗಿತು. 28 ಮಂದಿ ತೇಲುವ ಹಿಮದ ಮೇಲೆ ತಿಂಗಳುಗಟ್ಟಲೆ ಬದುಕಿ, ಮೂರು ದೋಣಿಗಳಲ್ಲಿ ನಿರ್ಜನವಾದ ಎಲಿಫೆಂಟ್ ದ್ವೀಪ ಸೇರಿದರು. ಅತ್ತ ಯಾವ ಹಡಗೂ ಸುಳಿಯುವಂತಿರಲಿಲ್ಲ. 1916ರ ಏಪ್ರಿಲ್ 24ರಂದು ಶ್ಯಾಕಲ್‌ಟನ್ ಐವರೊಡನೆ ಸುಮಾರು 1300 ಕಿ.ಮೀ. ದೂರದ ಸೌತ್ ಜಾರ್ಜಿಯಾಕ್ಕೆ ಹೊರಟ. ಜೊತೆಗೆ 1901ರ ಯಾತ್ರೆಯ ಸಂಗಾತಿ ಟಾಮ್ ಕ್ರೀನ್ ಇದ್ದ. ದ್ವೀಪದಲ್ಲಿ ಉಳಿದವರ ಹೊಣೆ ವೈಲ್ಡ್‌ನದು.

ದೋಣಿ ಏಳು ಮೀಟರಿಗಿಂತಲೂ ಗಿಡ್ಡ. ಮೇಲೆ ಕ್ಯಾನ್ವಾಸಿನ ಹೊದಿಕೆ, ಮಗುಚದಿರಲೆಂದು ತಳದಲ್ಲಿ ಕಲ್ಲುಗಳು. ಆದರೆ ಹಾರಿದ ನೀರೆಲ್ಲ ಹೊದಿಕೆಯ ಮೇಲೇ ಹೆಪ್ಪುಗಟ್ಟಿತು. ಭಾರ ಮೇಲೆ ಹೆಚ್ಚಿದರೆ ಗುರುತ್ವಕೇಂದ್ರವೂ ಮೇಲೇರುತ್ತದಷ್ಟೆ? ದೋಣಿ ಅಪಾಯಕರವಾಗಿ ಓಲಾಡತೊಡಗಿತು. ಜಾರುವ ಹೊದಿಕೆಯ ಮೇಲೆ ತೆವಳಿ, ಸರದಿಯಂತೆ ಹಿಮ ಕೆತ್ತುವುದೇ ಉಳಿದ ದಾರಿ.

ದಾರಿ ಕಂಡುಕೊಂಡದ್ದು ಇನ್ನೂ ಅಚ್ಚರಿ. ಸೂರ್ಯನಿಗೂ ದಿಗಂತಕ್ಕೂ ನಡುವಿನ ಕೋನವನ್ನು ಸೆಕ್ಸ್‌ಟಂಟ್‌ನಿಂದ ಅಳೆದು, ಗಡಿಯಾರದ ವೇಳೆಯೊಡನೆ ಲೆಕ್ಕ ಹಾಕಿದರೆ ದೋಣಿ ಇರುವ ಜಾಗ ತಿಳಿಯುತ್ತದೆ. ಆದರೆ ಸೂರ್ಯ ಕಾಣಬೇಕಲ್ಲ! ಇಡೀ ಪಯಣದಲ್ಲಿ ಫ್ರಾಂಕ್ ವರ್ಸ್‌ಲಿಗೆ ಅಂಥ ಅವಕಾಶ ಸಿಕ್ಕಿದ್ದು ನಾಲ್ಕೇ ಸಲ. ಉಳಿದದ್ದು ವೇಗ, ದಿಕ್ಕುಗಳ ಅಂದಾಜು. ಲೆಕ್ಕ ಸ್ವಲ್ಪ ತಪ್ಪಿದ್ದರೂ ದ್ವೀಪ ದಾಟಿ ತೆರೆದ ಸಾಗರದ ಪಾಲಾಗುತ್ತಿದ್ದರು.

ಮೇ 10ರಂದು ದಡ ಸಿಕ್ಕಿತು, ಆದರೆ ಜನವಸತಿಯಿಲ್ಲದ ಮಗ್ಗುಲಲ್ಲಿ. ಶ್ಯಾಕಲ್‌ಟನ್, ಕ್ರೀನ್, ವರ್ಸ್‌ಲಿ ಹಿಮಪರ್ವತಗಳನ್ನು 36 ಗಂಟೆಗಳಲ್ಲಿ ದಾಟಿ ತಿಮಿಂಗಿಲ ಬೇಟೆಗಾರರ ಠಾಣೆ ತಲಪಿದರು.

ಅತ್ತ ವೈಲ್ಡ್ ಕಾಯುತ್ತಿದ್ದ. ಸಾಹಸವೆಂದರೆ ಹೊರಟವನದಷ್ಟೇ ಎಂದುಕೊಳ್ಳುತ್ತೇವೆ; ಕಾದವನದೇನು ಕಡಿಮೆಯೆ? ಕವುಚಿದ ಎರಡು ದೋಣಿಗಳಡಿ 22 ಮಂದಿ, ಪೆಂಗ್ವಿನ್, ಸೀಲ್‌ಗಳ ಮಾಂಸವೇ ಊಟ. 'ಯಜಮಾನ ಇವತ್ತು ಬಂದಾನು, ಹಾಸಿಗೆ ಸುತ್ತಿ' ಎಂದು ಅವನು ದಿನವೂ ಹುರಿದುಂಬಿಸುತ್ತಿದ್ದ. ಮೂರು ಸಲ ಹಿಮ ಅಡ್ಡಗಟ್ಟಿತು. ನಾಲ್ಕನೆಯ ಯತ್ನದಲ್ಲಿ, ಆಗಸ್ಟ್ 30ರಂದು, ಚಿಲಿ ದೇಶದ 'ಯೆಲ್ಚೊ' ಹಡಗಿನಲ್ಲಿ ಶ್ಯಾಕಲ್‌ಟನ್ ಬಂದ. 22 ಮಂದಿಯೂ ಜೀವಂತವಾಗಿದ್ದರು.

1922ರಲ್ಲಿ ಶ್ಯಾಕಲ್‌ಟನ್ ಸೌತ್ ಜಾರ್ಜಿಯಾದಲ್ಲೇ ತೀರಿಕೊಂಡ. 1939ರಲ್ಲಿ ದಕ್ಷಿಣ ಆಫ್ರಿಕಾದಲ್ಲಿ ಸತ್ತ ವೈಲ್ಡ್‌ನ ಚಿತಾಭಸ್ಮವನ್ನು 2011ರಲ್ಲಿ ತಂದು, ಗೆಳೆಯನ ಸಮಾಧಿಯ ಬಲಗಡೆ ಹೂಳಲಾಯಿತು.