ಜಾಡಿಯ ಉಪ್ಪು, ಬಾಟಲಿಯ 224

ಅಪ್ಪೆಮಿಡಿಯ ಜಾಡಿಗೆ ಒದ್ದೆ ಚಮಚ ಹಾಕಿದವರಿಗೆ ಮಲೆನಾಡಿನ ಮನೆಗಳಲ್ಲಿ ಬೈಗುಳ ತಪ್ಪಿದ್ದಲ್ಲ. ತೊಟ್ಟು ಸಮೇತ ಕೊಯ್ದ ಮಿಡಿಯನ್ನು ತೊಳೆದು, ಒರೆಸಿ, ಒಂದು ಪದರ ಮಿಡಿ, ಒಂದು ಪದರ ಕಲ್ಲುಪ್ಪು ಎಂದು ತುಂಬಿ ಜಾಡಿಯ ಬಾಯಿಗೆ ಬಟ್ಟೆ ಕಟ್ಟುತ್ತಾರೆ. ದಿನ ಕಳೆದಂತೆ ಮಿಡಿ ಚಿರುಟಿ, ತಾನೇ ಬಿಟ್ಟ ನೀರಿನಲ್ಲಿ ಮುಳುಗುತ್ತದೆ. ಅಷ್ಟು ಉಪ್ಪಿದ್ದಲ್ಲಿ ಬೂಷ್ಟಿಗೆ ಬದುಕಲು ಬೇಕಾದ ನೀರು ದಕ್ಕುವುದಿಲ್ಲ. ಹೊರಗಿನ ಹನಿ ಬಿದ್ದು ಉಪ್ಪು ತೆಳುವಾಯಿತೋ, ಮೇಲೆ ಬಿಳಿ ಪೊರೆ ಕಟ್ಟುತ್ತದೆ.

ಈ ಉಪ್ಪೂ ಸಂರಕ್ಷಕವೇ. ನಮ್ಮ ಆಹಾರ ನಿಯಮಗಳು ಉಪ್ಪು, ಸಕ್ಕರೆ, ವಿನೆಗರ್, ಜೇನು, ಎಣ್ಣೆಗಳನ್ನು ಮೊದಲ ವರ್ಗದ ಸಂರಕ್ಷಕಗಳೆಂದೂ, ಬೆಂಜೊಯೇಟ್, ಸಾರ್ಬೇಟ್, ಸಲ್ಫೈಟ್, ನೈಟ್ರೈಟ್‌ಗಳನ್ನು ಎರಡನೆಯ ವರ್ಗವೆಂದೂ ವಿಂಗಡಿಸಿವೆ. ಹಾಗೆಂದು ಉಪ್ಪನ್ನು ಬೇಕಾದಷ್ಟು ತಿನ್ನಬಹುದೆಂದಲ್ಲ. ದಿನಕ್ಕೆ 5 ಗ್ರಾಂ ಮೀರಬಾರದು ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ.

ಸಾಸ್ ಬಾಟಲಿಯ ಮೇಲೆ 211 ಎಂದು ಕಂಡರೆ ಅದು ಸೋಡಿಯಂ ಬೆಂಜೊಯೇಟ್. ಹುಳಿ ಇದ್ದಲ್ಲಿ ಮಾತ್ರ ಅದರ ಆಟ ನಡೆಯುತ್ತದೆ. ಬೆಂಜೊಯಿಕ್ ಆಮ್ಲ ದಾಲ್ಚಿನ್ನಿಯಲ್ಲೂ ಸಹಜವಾಗಿಯೇ ಇದೆ. ಮಿತಿಯೊಳಗಿದ್ದರೆ ಅದಕ್ಕೆ ಹೆದರಬೇಕೆಂದು ನನಗನ್ನಿಸುವುದಿಲ್ಲ.

ನನ್ನ ಕಳವಳವೆಲ್ಲ ಸಲ್ಫೈಟ್‌ಗಳ ಬಗ್ಗೆ. ಲೇಬಲ್ಲಿನಲ್ಲಿ ಇವು 220ರಿಂದ 228ರವರೆಗಿನ ಅಂಕಿಗಳು. ಸ್ಕ್ವಾಷ್‌ಗಳಲ್ಲಿ ಕಾಣುವ 224 ಎಂದರೆ ಪೊಟ್ಯಾಸಿಯಂ ಮೆಟಾಬೈಸಲ್ಫೈಟ್. ಹೊಂಬಣ್ಣದ ಒಣದ್ರಾಕ್ಷಿಗೂ ಸಾಮಾನ್ಯವಾಗಿ ಗಂಧಕದ ಹೊಗೆ ತಾಗಿರುತ್ತದೆ. ಬರೀ ಬಿಸಿಲಿಗೆ ಒಣಗಿದ ದ್ರಾಕ್ಷಿ ಕಂದು ತಿರುಗುತ್ತದೆ. ಹೆಚ್ಚಿನವರಿಗೆ ಸಲ್ಫೈಟ್‌ನಿಂದ ಏನೂ ಆಗದು. ಆದರೆ ಆಸ್ತಮಾ ಇರುವ ಕೆಲವರಿಗೆ ತಿಂದ ಸ್ವಲ್ಪ ಹೊತ್ತಿನಲ್ಲೇ ಉಸಿರು ಕಟ್ಟುತ್ತದೆ. ಅಮೆರಿಕದಲ್ಲಿ ಇದರಿಂದ ಸಾವುಗಳು ಸಂಭವಿಸಿದ ಮೇಲೆ, ಹಸಿಯಾಗಿ ತಿನ್ನುವ ಹಣ್ಣು ತರಕಾರಿಗಳಿಗೆ ಸಲ್ಫೈಟ್ ಹಾಕುವುದನ್ನು 1986ರಲ್ಲಿ ನಿಷೇಧಿಸಿದರು.

ವಿಶ್ವ ಆರೋಗ್ಯ ಸಂಸ್ಥೆ ಮತ್ತು ಆಹಾರ ಕೃಷಿ ಸಂಸ್ಥೆಯ ತಜ್ಞರ ಸಮಿತಿ ಸಲ್ಫೈಟ್ ಸೇವನೆಗೆ ಹಾಕಿದ ಮಿತಿ ಹೀಗಿದೆ: ದಿನಕ್ಕೆ, ದೇಹದ ತೂಕದ ಪ್ರತಿ ಕಿಲೋಗೆ, ಸಲ್ಫರ್ ಡೈಆಕ್ಸೈಡ್ ರೂಪದಲ್ಲಿ 0.7 ಮಿಲಿಗ್ರಾಂ. 20 ಕಿಲೋ ತೂಗುವ ಮಗುವಿಗೆ ಅದು 14 ಮಿಲಿಗ್ರಾಂ. ಸ್ಕ್ವಾಷ್‌ನಲ್ಲಿ ಕಿಲೋಗೆ 350 ಮಿಲಿಗ್ರಾಂ ಇದೆ ಎಂದುಕೊಳ್ಳಿ, ಬರೀ 40 ಗ್ರಾಂ ಸ್ಕ್ವಾಷ್‌ಗೇ ಮಗುವಿನ ಇಡೀ ದಿನದ ಪಾಲು ಮುಗಿಯಿತು. ಬೇಸಿಗೆ ರಜೆಯಲ್ಲಿ ಮಕ್ಕಳು ಒಂದೇ ಲೋಟಕ್ಕೆ ಬಿಡುವವರೇ? ಪ್ರಾಣಿಗಳ ಮೇಲಿನ ಪ್ರಯೋಗದಲ್ಲಿ ತೊಂದರೆ ಕಾಣದ ಪ್ರಮಾಣದ ನೂರನೇ ಒಂದು ಪಾಲನ್ನೇ ಮಿತಿಯಾಗಿ ಇಟ್ಟಿರುವುದರಿಂದ, ಒಂದು ದಿನ ಮೀರಿದರೆ ಗಾಬರಿ ಬೇಡ. ದಿನಾ ಮೀರುವುದು ಬೇಡ.

ಲೇಬಲ್ಲಿನ ಚಿಕ್ಕ ಅಕ್ಷರದ ಸಾಲನ್ನು ಓದಲು ಅರ್ಧ ನಿಮಿಷ ಸಾಕು. ಮನೆಯಲ್ಲಿ ಉಬ್ಬಸದವರಿದ್ದರೆ 220ರಿಂದ 228ರ ನಡುವಿನ ಅಂಕಿಯಿರುವ ಪೊಟ್ಟಣವನ್ನು ಅಂಗಡಿಯಲ್ಲೇ ಬಿಟ್ಟು ಬನ್ನಿ.